ಬೆದರಿಕೆಯ ಮನೆಯಲ್ಲಿ ನಾನು ಬರೆದ ಹೆಸರು

ಹೂಳೂರು
ಎರಡನೆಯ ಇಲ್ಲದಿನ, ಹೂಳುವರ್ಷ ನೂರಹದಿನಾಲ್ಕು ಮುಗಿದಿದೆ, ನೂರಹದಿನೈದು ಇನ್ನೂ ಶುರುವಾಗಿಲ್ಲ

ನಮಗಿಂತ ಬಹಳ ಮೊದಲು ಬಾಳಿದವರಿಗೆ,

ಮೇಲಿನ ತಾರೀಖು ನೋಡಿ ನಿಮಗೆ ಗೊಂದಲವಾಗಿದ್ದರೆ ಸಾರಿ. ನಮ್ಮಲ್ಲಿ ತಿಂಗಳುಗಳಿಲ್ಲ, ತೇವಗಳಿವೆ. ಒಂದು ತೇವ ಎಂದರೆ ನಲವತ್ತು ದಿನ, ವರ್ಷಕ್ಕೆ ಒಂಬತ್ತು ತೇವ. ಒಂಬತ್ತೂ ಮುಗಿದ ಮೇಲೆ ಐದು ದಿನ ಮಿಕ್ಕುತ್ತವೆ. ಅವು ಹಳೆಯ ವರ್ಷಕ್ಕೂ ಸೇರುವುದಿಲ್ಲ, ಹೊಸ ವರ್ಷಕ್ಕೂ ಸೇರುವುದಿಲ್ಲ. ಅವನ್ನು ಇಲ್ಲದಿನಗಳು ಎನ್ನುತ್ತೇವೆ. ಆ ದಿನಗಳಲ್ಲಿ ಯಾರೂ ಯಾವ ಕೆಲಸವನ್ನೂ ಯೋಚಿಸಿ ಹೂಡುವಂತಿಲ್ಲ. ಮೊದಲ ವರ್ಷದ ವಿದ್ಯಾರ್ಥಿಗಳು ಮಾತ್ರ ಕೂತು ಹಿಂಗಾಗದ ಬರೆಯಬೇಕು. ಹಿಂಗಾಗದವೆಂದರೆ ಹಿಂದಿನವರಿಗೆ ಬರೆಯುವ ಕಾಗದ. ಬರೆದು ಮಣ್ಣಿನ ಕೊಳವೆಯಲ್ಲಿಟ್ಟು, ನಿಮ್ಮ ಕಾಲದವರು ನೀರಿನ ಮಟ್ಟ ಅಳೆಯಲು ತೋಡಿದ ಹಳೆಯ ಬಾವಿಯೊಳಗೆ ಇಳಿಬಿಡುತ್ತೇವೆ. ಅದು ನಿಮಗೆ ತಲುಪುತ್ತದೆಯೇ ಎಂದು ಕೇಳಿದರೆ ನಮ್ಮ ಟೀಚರುಗಳಲ್ಲೇ ಒಮ್ಮತವಿಲ್ಲ.

ಇನ್ನೊಂದು ಕ್ಷಮೆಯನ್ನೂ ಈಗಲೇ ಕೇಳಿಬಿಡುತ್ತೇನೆ. ನನ್ನ ಕನ್ನಡ ಅರ್ಧ ಇಂಗ್ಲಿಷು. ನನ್ನ ಅಪ್ಪ ಅಮ್ಮ ಕಾರವಾರದಾಚೆ ಕಡಲ ಮೇಲೆ ನಿಂತಿರುವ ಗಾಳಿಗಿರಣಿಗಳಲ್ಲಿ ಕೆಲಸ ಮಾಡುತ್ತಾರೆ, ಅಲ್ಲಿ ಮಕ್ಕಳನ್ನು ಇಟ್ಟುಕೊಳ್ಳುವಂತಿಲ್ಲ. ಐದನೆಯ ವಯಸ್ಸಿಗೇ ನಾನು ದಡದ ಹಾಸ್ಟೆಲ್ ಸೇರಿದೆ. ಪಾಠವೆಲ್ಲ ಇಂಗ್ಲಿಷಿನಲ್ಲಿ ನಡೆಯುತ್ತಿತ್ತು. ಕನ್ನಡ ಕಲಿತದ್ದು ಮೆಸ್ಸಿನ ಸಾಲಿನಲ್ಲಿ, ತಟ್ಟೆ ಹಿಡಿದುಕೊಂಡು. ಆದಕಾರಣ ಎಂದು ಬರೆಯಲು ಹೊರಟರೆ ಕೈ ‘ಸೋ’ ಎಂದು ಬರೆದುಬಿಡುತ್ತದೆ. ಹೋದ ವರ್ಷ ಹೂಳೂರಿನ ಹಾಸ್ಟೆಲ್ಲಿಗೆ ಬಂದಾಗ ನನಗೆ ಕಾಗುಣಿತ ಪೂರ್ತಿ ಬರುತ್ತಿರಲಿಲ್ಲ. ಅದನ್ನು ಕಲಿಸಿದವಳು ನನ್ನ ರೂಮ್‌ಮೇಟ್ ಗಾಳೆವ್ವ. ಈ ಕಾಗದ ಅವಳ ವಿಷಯಕ್ಕೇ ಬರೆದದ್ದು. ಆದರೆ ಅವಳ ಬಳಿಗೆ ಬರುವ ಮೊದಲು ನಮ್ಮ ಊರಿನ ಬಗ್ಗೆ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ನಾನು ಮಾಡಿದ್ದು ಎಷ್ಟು ಕೆಟ್ಟದ್ದು ಎಂದು ನಿಮಗೆ ತಿಳಿಯುವುದಿಲ್ಲ.

ಹೂಳೂರು ಇರುವುದು ಒಂದು ಅಣೆಕಟ್ಟಿನ ಹೊಟ್ಟೆಯಲ್ಲಿ. ನಿಮ್ಮ ಕಾಲದಲ್ಲಿ ಇಲ್ಲಿ ಕಣ್ಣು ಹಾಯುವ ತನಕ ನೀರಿತ್ತಂತೆ. ವರ್ಷವರ್ಷವೂ ಹೂಳು ಬಂದು ಕೂತು ಕೂತು, ಒಂದು ದಿನ ನೀರಿಗೇ ಜಾಗವಿಲ್ಲದಾಯಿತು. ಆಮೇಲೆ ಜನ ಬಂದು ಆ ಹೂಳಿನ ಮೇಲೇ ಊರು ಕಟ್ಟಿದರು. ಮಣ್ಣು ಬಂಗಾರದಂಥದ್ದು, ನವಣೆ, ಪುಂಡಿ, ಮೆಣಸಿನಕಾಯಿ ಎಲ್ಲ ಬೆಳೆಯುತ್ತದೆ. ಆದರೆ ನೆಲವನ್ನು ನಂಬುವ ಹಾಗಿಲ್ಲ. ಒಣಗಿದಾಗ ಮೇಲೆ ರೊಟ್ಟಿಯಂಥ ಹಕ್ಕಳೆ ಕಟ್ಟುತ್ತದೆ, ಅದರ ಕೆಳಗೆ ಅಂಬಲಿ. ಹೀಗಾಗಿ ನಮ್ಮ ಮನೆಗಳು ಹಗುರ, ಬಿದಿರು ಮತ್ತು ಜೊಂಡಿನವು. ಕಾಲಿಗೆ ಹಾಕುವುದು ತಟ್ಟೆಚಪ್ಪಲಿ, ಅಂದರೆ ಊಟದ ತಟ್ಟೆಯಷ್ಟು ಅಗಲದ ಚಪ್ಪಲಿ. ಐದನೆಯ ತೇವಕ್ಕೆ ಮಳೆಗಾಲ ಶುರು, ಕೂಡಲೇ ಮೆಲ್ನಡೆಯ ಗಂಟೆ ಹೊಡೆಯುತ್ತಾರೆ. ಅಲ್ಲಿಂದ ಏಳನೆಯ ತೇವ ಮುಗಿಯುವ ತನಕ ಊರಿನಲ್ಲಿ ಯಾರೂ ಓಡುವಂತಿಲ್ಲ. ಮೆಸ್ಸಿನಲ್ಲಿ ವಾರಕ್ಕೊಮ್ಮೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಇರುತ್ತದೆ. ಆ ದಿನ ಕೂಡ ನಾವು ನಡೆದೇ ಹೋಗುತ್ತೇವೆ, ಹೊಟ್ಟೆ ಮಾತ್ರ ಮುಂದೆ ಓಡಿರುತ್ತದೆ. ಕೆಸರನ್ನು ಓದಬಲ್ಲ ಮನೆತನಗಳು ಕೆಲವಿವೆ, ಅವರನ್ನು ಕೆಸರುಗಾವಲಿನವರು ಎನ್ನುತ್ತಾರೆ. ಕೋಲು ಇಳಿಸಿ, ತುದಿಯ ಕೆಸರನ್ನು ಬೆರಳಿನಿಂದ ತೆಗೆದು ಮೂಸಿ, ಇಲ್ಲಿ ಮನೆ ಕಟ್ಟು, ಇಲ್ಲಿ ಬೇಡ ಎಂದು ಹೇಳುವವರು. ಗಾಳೆವ್ವ ಆ ಮನೆತನದವಳು. ಆ ಮನೆತನಗಳಿಗೆಲ್ಲ ಸೇರಿ ನಮ್ಮ ಹಾಸ್ಟೆಲ್ಲಿನಲ್ಲಿ ವರ್ಷಕ್ಕೆ ಒಂದೇ ಸೀಟು. ಆ ಸೀಟಿನಲ್ಲಿ ಮೊದಲ ವರ್ಷ ಪಾಸಾದರೆ ಮಾತ್ರ ನೆಲವಿದ್ಯೆ ಓದಿ ಊರಿನ ನಕ್ಷೆಗೆ ಸಹಿ ಹಾಕುವ ಅಧಿಕಾರ ಬರುತ್ತದೆ, ಇಲ್ಲದಿದ್ದರೆ ಸಾಯುವ ತನಕ ಕೋಲು ಹಿಡಿಯುವ ಕೂಲಿ. ಅವಳ ಮನೆಯಿಂದ ಆ ಸೀಟು ಹಿಡಿದವರಲ್ಲಿ ಅವಳೇ ಮೊದಲಿಗಳು.

ಈಗ ಸ್ವಾಟು. ನಿಮಗೆ ಈ ಪದ ಗೊತ್ತು, ನಿಮ್ಮಿಂದಲೇ ಬಂದದ್ದು. ಒಂದು ಚೌಕ ಬರೆದು ನಾಲ್ಕು ಮನೆ ಮಾಡುವುದು: ಬಲ, ಕೊರತೆ, ಅವಕಾಶ, ಬೆದರಿಕೆ. ಮೊದಲ ಎರಡು ನಮ್ಮೊಳಗಿನವು, ಕೊನೆಯ ಎರಡು ಹೊರಗಿನಿಂದ ಬರುವಂಥವು. ನೀವು ಅದನ್ನು ಆಫೀಸಿನ ಗೋಡೆ ಮೇಲೆ ಬಣ್ಣದ ಚೀಟಿ ಅಂಟಿಸಿ ಮಾಡುತ್ತಿದ್ದಿರಂತೆ, ಮೀಟಿಂಗ್ ಮುಗಿದ ಮೇಲೆ ಚೀಟಿಗಳನ್ನು ಕಿತ್ತು ಬುಟ್ಟಿಗೆ ಹಾಕುತ್ತಿದ್ದಿರಂತೆ. ನಮ್ಮಲ್ಲಿ ಹಾಗಲ್ಲ. ಮದುವೆಗೂ ಸ್ವಾಟು, ಬಾವಿಗೂ ಸ್ವಾಟು, ಮೆಸ್ಸಿನಲ್ಲಿ ಈ ತೇವ ಯಾವ ಪಲ್ಲೆ ಎನ್ನುವುದಕ್ಕೂ ಸ್ವಾಟು. ಮಗುವಿಗೆ ಆರು ವರ್ಷ ತುಂಬಿದಾಗ ತಾಯಿ ಅದರ ಮೊದಲ ಸ್ವಾಟು ಬರೆದು ತೊಟ್ಟಿಲಿದ್ದ ಜಾಗದಲ್ಲಿ ತೂಗುಹಾಕುತ್ತಾಳೆ. ನನ್ನದನ್ನು ಅಮ್ಮ ಟಪಾಲಿನಲ್ಲಿ ಕಳಿಸಿದ್ದಳು. ಇವಕ್ಕೆಲ್ಲ ಬಳಪ ಸಾಕು. ಆದರೆ ಊರಿನ ಕೆಲಸವಾದರೆ ದೊಡ್ಡ ಹಲಗೆಯ ಮೇಲೆ ಕರಿಮಸಿಯಲ್ಲಿ ಬರೆದು ಹಾಲ್‌ನಲ್ಲಿ ನಿಲ್ಲಿಸಬೇಕು. ಒಂಬತ್ತನೆಯ ತೇವದ ನಲವತ್ತನೆಯ ದಿನ ಗಂಟೆ ಹೊಡೆದ ಮೇಲೇ ಅದನ್ನು ತೊಳೆಯುವುದು.

ಇಷ್ಟು ಬಿಗಿ ಯಾಕೆ ಎಂದರೆ ಅದಕ್ಕೆ ಕಾರಣ ನೀವೇ. ಬೈಯುತ್ತಿಲ್ಲ, ಇದ್ದದ್ದು ಹೇಳುತ್ತಿದ್ದೇನೆ. ಊರು ಕಟ್ಟಿದವರಿಗೆ ಕುಸಿದ ಯಾವುದೋ ಕಟ್ಟಡದಲ್ಲಿ ಒಂದು ಹಾಳೆ ಸಿಕ್ಕಿತು. ಈ ನೀರಿನ ಸುತ್ತ ಏನೋ ಕಟ್ಟಲು ಯಾರೋ ಮಾಡಿದ ಸ್ವಾಟು. ಬಲದ ಮನೆಯಲ್ಲಿ ಹನ್ನೊಂದು ಸಾಲು. ಬೆದರಿಕೆಯ ಮನೆಯಲ್ಲಿ ಒಂದೇ ಸಾಲು: ‘ಸದ್ಯಕ್ಕೆ ಏನೂ ಇಲ್ಲ.’ ಆ ಹೊತ್ತಿಗೆ ಹೂಳು ಅರ್ಧ ಏರಿತ್ತು. ಅಂದಿನಿಂದ ನಮ್ಮಲ್ಲಿ ಬೆದರಿಕೆಯ ಮನೆಯನ್ನು ಖಾಲಿ ಬಿಡುವ ಹಾಗಿಲ್ಲ. ಮಳೆ, ಗಾಳಿ ಎಂದು ಎಲ್ಲರೂ ಬರೆಯುವುದನ್ನು ಬರೆದರೂ ನಡೆಯುವುದಿಲ್ಲ. ಆ ಕೆಲಸಕ್ಕೇ ಸೇರಿದ ಬೆದರಿಕೆ ಒಂದಾದರೂ ಇರಬೇಕು. ಮತ್ತು ಹೊರಮನೆಯಲ್ಲಿ ಬರೆದ ಬೆದರಿಕೆಯನ್ನು ಆ ಹಲಗೆ ತೊಳೆಯುವ ತನಕ ಹೊಸ್ತಿಲಾಚೆ ಇಡಬೇಕು. ಹಾವಿದ್ದರೆ ಬೇಲಿ, ಬೆಂಕಿಯಿದ್ದರೆ ಒಲೆ ದೂರ. ತಪ್ಪಿ ಬರೆದರೆ ಬರೆದ ಕೈಯೇ ಎಲ್ಲರೆದುರು ಅದನ್ನು ಒರೆಸಬೇಕು, ಬೇರೆಯವರು ಮುಟ್ಟುವಂತಿಲ್ಲ. ಹಾಗೆ ಒರೆಸಿದವರು ತಮ್ಮ ಸೀಟು ಬಿಟ್ಟುಕೊಡಬೇಕು. ನೂರಹದಿನಾಲ್ಕು ವರ್ಷದಲ್ಲಿ ಮಸಿಯ ಹಲಗೆಯ ಬೆದರಿಕೆ ಮನೆಯಲ್ಲಿ ಯಾರೂ ಮನುಷ್ಯರನ್ನು ಬರೆದಿರಲಿಲ್ಲ. ಬರೆಯಬಾರದು ಎಂಬ ನಿಯಮವೂ ಇರಲಿಲ್ಲ, ಯಾರಿಗೂ ಅದು ಹೊಳೆದಿರಲಿಲ್ಲ.

ಮೊದಲ ವರ್ಷದವರು ಮೂವರು ಮೂವರಾಗಿ ಒಂದು ಪ್ರಾಜೆಕ್ಟ್ ಮಾಡಬೇಕು. ನಮ್ಮ ತಂಡದಲ್ಲಿ ಗಾಳೆವ್ವ, ನಾನು, ಮತ್ತೆ ದುರುಗೇಶ. ದುರುಗೇಶ ದೊಡ್ಡ ದನಿಯ ಹುಡುಗ, ಹಗ್ಗದ ಗಂಟು ಹಾಕುವುದರಲ್ಲಿ ಊರಿಗೇ ಹೆಸರಾದವನು, ಊಟದಲ್ಲೂ. ಮೆಸ್ಸಿನ ಅಕ್ಕಂದಿರು ಬಳಪದ ಹಲಗೆಯ ಬೆದರಿಕೆ ಮನೆಯಲ್ಲಿ ‘ದುರುಗ್ಯಾ ಮತ್ತ ನೀಡಿಸಿಕೊಳ್ಳಾಕ ಬರೂದು’ ಎಂದು ಬರೆದಿದ್ದರು. ಅವನು ಅದರ ಮುಂದೆ ನಿಂತು ಫೋಟೊ ತೆಗೆಸಿಕೊಂಡಿದ್ದ. ನಮ್ಮ ಪ್ರಾಜೆಕ್ಟು ತೇಲುಹಾದಿ. ಹಾಸ್ಟೆಲ್ಲಿನಿಂದ ಮೆಸ್ಸಿಗೆ ಒಂದನೇ ಕ್ಲಾಸಿನ ಮಕ್ಕಳು ಸುತ್ತಿಬಳಸಿ ಹೋಗಬೇಕು, ಮಳೆಗಾಲದಲ್ಲಿ ಅನ್ನ ಆರಿಯೇ ಹೋಗಿರುತ್ತದೆ. ಜೊಂಡಿನ ಹೊರೆಗಳನ್ನು ಕಟ್ಟಿ ಹಾಸಿ ನೇರ ದಾರಿ ಮಾಡಿಬಿಡೋಣ ಎಂಬುದು ಐಡಿಯಾ. ಮೊದಲನೆಯ ತೇವದಲ್ಲಿ, ನೆಲ ಒಣಗಿ ಟಣ್ ಎನ್ನುವಾಗ, ನಾವು ಅಳತೆ ಮಾಡಿದೆವು.

ಗಾಳೆವ್ವ ಮೊದಲ ದಿನದಿಂದಲೇ ಕೇಳಲು ಶುರುಮಾಡಿದಳು.

“ಈ ನೆಲದ ಮ್ಯಾಲ ಆರನೇ ತೇವದಾಗ ಯಾರರ ನಡದಾರೇನು?”

“ನಾ ನಡದೀನಿ,” ಎಂದ ದುರುಗೇಶ.

“ಯಾವಾಗ?”

“ಕನಸಿನ್ಯಾಗ.”

“ಕನಸಿನ್ಯಾಗ ತಟ್ಟಿಚಪ್ಪಲಿ ಹಾಕ್ಕೊಂಡಿದ್ದೇನು, ಬರಿಗಾಲೇನು?”

ನಾವು ನಕ್ಕೆವು. ಆದರೆ ಅವಳು ನಗುವುದಕ್ಕೆ ಕೇಳಿರಲಿಲ್ಲ. ಮರುದಿನ ಮತ್ತೆ ಕೇಳಿದಳು, ಅದರ ಮರುದಿನ ಮತ್ತೆ. ಹೊರೆ ಎಷ್ಟು ದಪ್ಪ ಇರಬೇಕು ಎಂದು ಕೂತರೆ ಕೆಳಗಿನ ನೀರು ಯಾವ ಕಡೆ ಸರಿಯುತ್ತದೆ ಎನ್ನುವಳು. ಒಂದು ದಿನ ದುರುಗೇಶನಿಗೆ ತಾಳ್ಮೆ ತಪ್ಪಿತು.

“ಏ ಪ್ರಶ್ನಿಪತ್ರಿಕಿ, ನಿನ್ನ ಹೊಟ್ಟಿಯೊಳಗ ಒಂದರ ಉತ್ತರ ಐತೇನು?”

“ಇದ್ರ ನಿನ್ನ ಕೇಳ್ತಿದ್ನೇನೊ? ನನಗ ಗೊತ್ತಿಲ್ಲ. ಅದಕ್ಕ ಒಂದು ಮಳಿ ನೋಡಿ ಕಟ್ಟೂಣು ಅಂತೀನಿ.”

“ಮಳಿ ನೋಡಿದ ಮ್ಯಾಲ ವರ್ಷ ಮುಗೀತದ. ಫೇಲಾಗಿ ಮನೀಗೆ ಹೋಗೂಣೇನು ಮೂರೂ ಮಂದಿ?”

ಫೇಲ್ ಎಂಬ ಮಾತು ಕೇಳಿದ ಮೇಲೆ ನಾನೂ ದುರುಗೇಶನ ಕಡೆ ಸೇರಿದೆ. ಉಳಿದವರಿಗೆ ಫೇಲಾದರೆ ಹೋಗಲು ಮನೆ ಇದೆ. ನನಗೆ ಹಾಸ್ಟೆಲ್ಲೇ ಮನೆ. ಇದನ್ನು ಬಿಟ್ಟರೆ ಇನ್ನೊಂದು ಹಾಸ್ಟೆಲ್, ಅದೂ ಸಿಕ್ಕರೆ. ಇದನ್ನು ನೆಪವಾಗಿ ಹೇಳುತ್ತಿಲ್ಲ. ಅಥವಾ ಹೇಳುತ್ತಿದ್ದೇನೋ ಏನೋ.

ಎರಡನೆಯ ತೇವದ ಕೊನೆಗೆ ಹಲಗೆ ಒಪ್ಪಿಸುವ ದಿನ ಬಂತು. ನನ್ನ ಅಕ್ಷರ ಹೊಸದಾಗಿ ಕಲಿತದ್ದಾದ್ದರಿಂದ ದುಂಡಗಿತ್ತು, ಹಾಗಾಗಿ ಬರೆಯುವ ಕೆಲಸ ನನಗೆ ಬಿತ್ತು. ಬಲ: ಜೊಂಡು ಹತ್ತಿರವಿದೆ, ದುರುಗೇಶನ ಗಂಟು ಬಿಚ್ಚುವುದಿಲ್ಲ. ಕೊರತೆ: ನಾವು ಮೂವರೂ ಇಂಥದ್ದನ್ನು ಕಟ್ಟಿದವರಲ್ಲ. ಅವಕಾಶ: ನಾಲ್ಕನೆಯ ತೇವದಲ್ಲಿ ಮೆಸ್ಸಿನವರು ಕೈಜೋಡಿಸುತ್ತಾರೆ. ಬೆದರಿಕೆಯ ಮನೆಗೆ ಬಂದಾಗ ಏನೂ ಹೊಳೆಯಲಿಲ್ಲ. ದುರುಗೇಶ ಹಗ್ಗ ಎಣಿಸಲು ಹೋಗಿದ್ದ, ಗಾಳೆವ್ವ ಇನ್ನೊಮ್ಮೆ ನೆಲ ನೋಡಿ ಬರುತ್ತೇನೆಂದು ಕೋಲು ತೆಗೆದುಕೊಂಡು ಹೋಗಿದ್ದಳು. ಹಾಲ್‌ನಲ್ಲಿ ಉಳಿದ ತಂಡಗಳ ಹಲಗೆಗಳೆಲ್ಲ ನಿಂತಿದ್ದವು, ನಮ್ಮದೊಂದರಲ್ಲೇ ಒಂದು ಮನೆ ಬೆಳ್ಳಗಿತ್ತು. ಒಪ್ಪಿಸುವ ಗಂಟೆಗೆ ಹತ್ತು ನಿಮಿಷವೂ ಇರಲಿಲ್ಲ. ಖಾಲಿ ಬಿಟ್ಟರೆ ಹಲಗೆ ವಾಪಸ್, ಹಲಗೆ ವಾಪಸಾದರೆ ವರ್ಷ ವಾಪಸ್. ನಮ್ಮ ಕೆಲಸವನ್ನು ತಡೆಯುತ್ತಿರುವುದು ಏನು ಎಂದು ನನ್ನನ್ನೇ ಕೇಳಿಕೊಂಡೆ. ಕುಂಚ ಅದ್ದಿದೆ. ಬರೆದೆ: ‘ಗಾಳೆವ್ವಳ ಪ್ರಶ್ನೆಗಳಿಂದ ಕೆಲಸ ನಿಲ್ಲುವುದು.’

ಬರೆಯುವಾಗ ಒಂದು ಕ್ಷಣ ಮೆಸ್ಸಿನ ಹಲಗೆಯ ತಮಾಷೆ ನೆನಪಾಗಿ ನಗುವೂ ಬಂತು. ಆದರೆ ಅದು ಬಳಪ, ಇದು ಮಸಿ. ಈಗ ಯೋಚಿಸಿದರೆ, ಉತ್ತರ ನನ್ನ ಕಿವಿಯಲ್ಲೇ ಇತ್ತು. ‘ಆರನೆಯ ತೇವದಲ್ಲಿ ಈ ನೆಲ ಹೇಗಿರುತ್ತದೆಂದು ನಮಗೆ ಗೊತ್ತಿಲ್ಲ.’ ಅದೇ ಬೆದರಿಕೆ. ಅದೇ ನಿಜವಾದ ಬೆದರಿಕೆ. ಅವಳು ಎರಡು ತೇವದಿಂದ ಅದನ್ನೇ ಹೇಳುತ್ತಿದ್ದಳು. ಅವಳ ಪ್ರಶ್ನೆಯನ್ನು ಬರೆಯಬೇಕಾದ ಜಾಗದಲ್ಲಿ ನಾನು ಪ್ರಶ್ನೆ ಕೇಳಿದವಳನ್ನು ಬರೆದೆ. ಒಳಮನೆಯ ಹುಡುಗಿಯನ್ನು ಹೊರಮನೆಯಲ್ಲಿ ಇಟ್ಟೆ.

ಹಲಗೆಗಳನ್ನು ಓದಿ ಒಪ್ಪುವವರು ರಜಿಯಾಬಿ ಮೇಡಂ, ನಮ್ಮ ವಾರ್ಡನ್. ಅವರು ನಮ್ಮ ಹಲಗೆಯ ಮುಂದೆ ನಿಂತರು. ಕನ್ನಡಕ ತೆಗೆದು ಸೆರಗಿನಿಂದ ಒರೆಸಿ ಮತ್ತೆ ಹಾಕಿಕೊಂಡರು.

“ಇದು ಯಾರು ಬರೆದದ್ದು ಬೇಟಾ?”

ಹಲಗೆ ತಂಡದ್ದು, ಬರೆದವರ ಹೆಸರು ಹಾಕುವ ಪದ್ಧತಿ ನಮ್ಮಲ್ಲಿಲ್ಲ. ನಾವಾಗಿ ಹೇಳಬೇಕು. ದುರುಗೇಶ ಬಾಯಿ ತೆರೆದು ನನ್ನ ಕಡೆ ನೋಡಿದ, ಗಾಳೆವ್ವನ ಕಡೆ ನೋಡಿದ, ಮುಚ್ಚಿದ. ಗಾಳೆವ್ವ ಹಲಗೆಯನ್ನು ಓದಿದಳು. ಅವಳ ಮೊಣಕಾಲ ತನಕ ಕೆಸರಿತ್ತು. ಆಮೇಲೆ ನನ್ನನ್ನು ನೋಡಿದಳು, ಬಹಳ ಹೊತ್ತೇನಲ್ಲ. ನಾನು ನನ್ನ ಚಪ್ಪಲಿಯನ್ನು ನೋಡಿಕೊಂಡೆ.

“ಯಾರೂ ಒರೆಸೋದಿಲ್ವಾ?” ಮೇಡಂ ಮೂರು ಸಲ ಕೇಳಿದರು. ಮೂರನೆಯ ಸಲ ಅವರ ದನಿಯಲ್ಲಿ ಬೇಡಿಕೆಯಿತ್ತು. ಗಂಟೆ ಹೊಡೆಯಿತು. ನಿಯಮ ಮಾಡಿದವರು ಹಾವನ್ನೂ ಬೆಂಕಿಯನ್ನೂ ನೆನೆದು ಮಾಡಿದ್ದರು, ಆದರೆ ಮನುಷ್ಯರಾದರೆ ಹೊಸ್ತಿಲಾಚೆ ಇಡಬೇಡಿ ಎಂದು ಅದರಲ್ಲಿರಲಿಲ್ಲ. ಆ ಸಂಜೆ ಗಾಳೆವ್ವ ತನ್ನ ಹಾಸಿಗೆ ಸುತ್ತಿಕೊಂಡು ಕೆಳದಂಡೆಗೆ ಹೋದಳು, ಅಂದರೆ ಅಣೆಕಟ್ಟಿನ ಗೋಡೆಯ ಬಳಿ ಕೂಲಿಯವರು ಇರುವ ಸಾಲುಮನೆಗಳಿಗೆ. ವರ್ಷದ ಕೊನೆಯ ಗಂಟೆ ಹೊಡೆಯುವುದರೊಳಗೆ ಬರೆದ ಕೈ ಒರೆಸಿದರೆ ಅವಳ ಸೀಟು ಅವಳಿಗೆ, ಇಲ್ಲದಿದ್ದರೆ ಸೀಟು ಇನ್ನೊಬ್ಬರಿಗೆ. ಹೊರಡುವಾಗ ಅವಳು ನನಗೆ ಹೇಳಿದ್ದು ಒಂದೇ ಮಾತು. “ಒತ್ತಕ್ಷರ ಇನ್ನೂ ಮುಗಿದಿಲ್ಲ, ದಿನಾ ಒಂದು ಹಾಳಿ ತಿದ್ದು.”

ತೇಲುಹಾದಿಯನ್ನು ನಾಲ್ಕನೆಯ ತೇವದಲ್ಲಿ ಕಟ್ಟಿ ಮುಗಿಸಿದೆವು. ಎಲ್ಲರೂ ಹೊಗಳಿದರು. ಐದನೆಯ ತೇವವೆಲ್ಲ ಮಕ್ಕಳು ಬಿಸಿ ಅನ್ನ ಉಂಡರು. ಆರನೆಯ ತೇವದ ಹನ್ನೆರಡನೆಯ ದಿನ, ಬೆಳಗಿನ ತಿಂಡಿಯ ಹೊತ್ತಿಗೆ, ನಡುವಿನ ಎಂಟು ಹೊರೆಗಳು ಒಮ್ಮೆಗೇ ಒಂದು ಕಡೆ ವಾಲಿದವು. ದುರುಗೇಶನ ಗಂಟು ಬಿಚ್ಚಲಿಲ್ಲ. ಬಿಚ್ಚದ ಕಾರಣಕ್ಕೇ ಒಂದು ಹೊರೆ ಇನ್ನೊಂದನ್ನು ಎಳೆದುಕೊಂಡು ಹೋಯಿತು. ಕೆಳಗಿನ ನೀರು ಅಡ್ಡಕ್ಕೆ ಸರಿದಿತ್ತು, ಅವಳು ಕೇಳುತ್ತಿದ್ದದ್ದು ಅದನ್ನೇ. ಹನ್ನೊಂದು ಮಕ್ಕಳು ಸೊಂಟದ ತನಕ ಹುಗಿದುಹೋದರು. ಮೆಸ್ಸಿನ ಅಕ್ಕಂದಿರು ಸೀರೆ ಗಂಟು ಹಾಕಿ ಎಸೆದು ಒಬ್ಬೊಬ್ಬರನ್ನಾಗಿ ಎಳೆದರು. ಯಾರೂ ಸಾಯಲಿಲ್ಲ, ದೇವರು ದೊಡ್ಡವನು. ಆದರೆ ಒಂದು ಪುಟ್ಟ ಹುಡುಗಿ ಅಂದಿನಿಂದ ಹಾಸ್ಟೆಲ್ಲಿನ ಬಾಗಿಲು ದಾಟುವುದಿಲ್ಲ, ಅವಳ ತಟ್ಟೆಯನ್ನು ಅಲ್ಲಿಗೇ ಒಯ್ದು ಕೊಡುತ್ತಾರೆ.

ದುರುಗೇಶ ಆ ದಿನ ಎಲ್ಲರ ಮುಂದೆ ಅತ್ತ. ಅಳು ನಿಂತ ಮೇಲೆ ಕುಂಚ ತೆಗೆದುಕೊಂಡು ಹೋಗಿ ಬಲದ ಮನೆಯಲ್ಲಿ ಹೊಸ ಸಾಲು ಬರೆದ: ‘ಗಾಳೆವ್ವಳ ಪ್ರಶ್ನೆಗಳು.’ ಬೆದರಿಕೆಯ ಸಾಲನ್ನು ಅವನು ಮುಟ್ಟುವಂತಿರಲಿಲ್ಲ. ಹೀಗೆ ಅವಳ ಹೆಸರು ಒಂದೇ ಹಲಗೆಯಲ್ಲಿ ಎರಡು ಕಡೆ ಆಯಿತು. ಜನ ಬಂದು ನೋಡಿ, ಪಾಪ, ಒಳ್ಳೆಯ ಹುಡುಗ ಎಂದು ಹೋದರು. ನಾನು ಪ್ರತಿದಿನ ಊಟಕ್ಕೆ ಹೋಗುವಾಗ ಆ ಹಲಗೆಯ ಮುಂದೆ ಹಾದು ಹೋದೆ. ಏಳನೆಯ ತೇವದಲ್ಲಿ ಜ್ವರ ಬಂತು, ಜ್ವರ ಇಳಿಯಲಿ ಎಂದುಕೊಂಡೆ. ಎಂಟನೆಯದರಲ್ಲಿ ಪರೀಕ್ಷೆ, ಮುಗಿಯಲಿ ಎಂದುಕೊಂಡೆ. ಒಂಬತ್ತನೆಯದರಲ್ಲಿ ದಿನ ಎಣಿಸಿದೆ.

ಈಗ ಹೇಳುವುದನ್ನು ನಾನು ಯಾರಿಗೂ ಹೇಳಿಲ್ಲ. ನಲವತ್ತನೆಯ ದಿನ ಬೆಳಿಗ್ಗೆ ಗಟ್ಟಿ ಮನಸ್ಸು ಮಾಡಿ ಎದ್ದೆ. ಹಲಗೆ ತೊಳೆಯುವ ಗಂಟೆ ಹೊಡೆಯುವುದು ಇಳಿಹೊತ್ತಿಗೆ, ಸೋ, ಇಡೀ ಹಗಲು ಕೈಯಲ್ಲಿತ್ತು. ಹೋಗುವ ಮೊದಲು ಒಮ್ಮೆ ಸರಿಯಾಗಿ ಯೋಚಿಸೋಣ ಎಂದು ಒಂದು ಹಾಳೆ ತೆಗೆದುಕೊಂಡು ಚೌಕ ಬರೆದೆ. ಹೌದು, ತಪ್ಪೊಪ್ಪಿಕೊಳ್ಳಬೇಕೋ ಬೇಡವೋ ಎಂದು ನಾನು ಸ್ವಾಟು ಮಾಡಿದೆ. ಬಲ: ನಿಜ ನನಗೆ ಗೊತ್ತಿದೆ. ಕೊರತೆ: ಎದ್ದು ನಿಂತರೆ ಕಾಲು ನಡುಗುತ್ತವೆ. ಅವಕಾಶ: ಇವತ್ತು ಗಂಟೆ ಹೊಡೆಯುವ ತನಕ. ಬೆದರಿಕೆ: ಸೀಟು ಹೋಗುತ್ತದೆ, ಮುಂದೆ ಎಲ್ಲಿರುವುದು ಗೊತ್ತಿಲ್ಲ. ಬರೆದ ಮೇಲೆ ಅನುಮಾನ ಬಂತು. ಕಾಲು ನಡುಗುವುದು ನನ್ನೊಳಗಿನದೋ, ಇಲ್ಲಾ ಹಾಲ್‌ನಲ್ಲಿರುವ ಜನರನ್ನು ನೋಡಿ ಆಗುವುದರಿಂದ ಹೊರಗಿನದೋ? ಅದನ್ನು ಒಂದು ಮನೆಯಿಂದ ಇನ್ನೊಂದಕ್ಕೆ ಸಾಗಿಸಿದೆ. ಮತ್ತೆ ವಾಪಸ್ ತಂದೆ. ಗಾಳೆವ್ವನ ಸೀಟು ಉಳಿಯುವುದನ್ನು ಬಲಕ್ಕೆ ಹಾಕಲೋ ಅವಕಾಶಕ್ಕೆ ಹಾಕಲೋ ಎಂದು ಊಟ ಬಿಟ್ಟು ಯೋಚಿಸಿದೆ. ಹಾಳೆ ಗೀಚುಗೀಚಾಯಿತೆಂದು ಇನ್ನೊಂದರ ಮೇಲೆ ಶುದ್ಧಪ್ರತಿ ಮಾಡಿದೆ. ಗೆರೆ ಸೊಟ್ಟಗಾಗಬಾರದೆಂದು ಅಡಿಕೋಲು ಹುಡುಕಿದೆ. ಮೂರನೆಯ ಮನೆ ತುಂಬಿಸುವಾಗ ಗಂಟೆ ಹೊಡೆಯಿತು.

ಓಡಿದೆ. ಹಾಲ್‌ನಲ್ಲಿ ಇಬ್ಬರು ಅಕ್ಕಂದಿರು ಒದ್ದೆ ಗೋಣಿಯಿಂದ ನಮ್ಮ ಹಲಗೆಯನ್ನು ಉಜ್ಜುತ್ತಿದ್ದರು. ಬಲ ಹೋಗಿತ್ತು, ಬೆದರಿಕೆ ಹೋಗಿತ್ತು, ಬಕೆಟ್ಟಿನ ನೀರು ಕಪ್ಪಾಗಿತ್ತು. ನನ್ನ ಕೈಯಲ್ಲಿ ಶುದ್ಧಪ್ರತಿ ಇತ್ತು. ತುಂಬಾ ನೀಟಾಗಿತ್ತು.

ರಜಿಯಾಬಿ ಮೇಡಂ ಕೈ ಹಿಡಿದು ಎಲ್ಲ ಹೇಳಿದೆ. ಅವರು ಅಚ್ಚರಿಪಡಲಿಲ್ಲ.

“ಒಂದು ಗಂಟೆ ಮುಂಚೆ ಬಂದಿದ್ರೆ ನಾನೇ ನಿನ್ನ ಹಲಗೆ ಹತ್ರ ಕರ್ಕೊಂಡು ಹೋಗ್ತಿದ್ದೆ ಬೇಟಾ. ಈಗ ಯಾವ ಸಾಲು ಒರೆಸ್ತೀಯ? ತೋರಿಸು ನೋಡೋಣ.”

“ನನ್ನ ಸೀಟು ತಗೊಳ್ಳಿ ಮೇಡಂ.”

“ಯಾವ ತಪ್ಪಿಗೆ ಅಂತ ಬರೆದುಕೊಳ್ಳಲಿ? ಹಲಗೆ ಬೆಳ್ಳಗಿದೆ.” ಅವರು ಬಕೆಟ್ಟಿನ ಕಡೆ ನೋಡಿದರು. “ಆ ಹುಡುಗಿ ಸೀಟು ಆಗಲೇ ಇನ್ನೊಂದು ಮನೆತನಕ್ಕೆ ಹೋಯ್ತು. ಗಂಟೆ ಜೊತೆಗೇ ಹೋಗುತ್ತೆ ಅದು.”

ನಿನ್ನೆ, ಮೊದಲ ಇಲ್ಲದಿನ, ಕೆಳದಂಡೆಗೆ ಹೋದೆ. ಗಾಳೆವ್ವ ಗೋಡೆಯ ಬುಡದಲ್ಲಿ ಕೋಲು ಇಳಿಸುತ್ತಿದ್ದಳು. ಕೆಸರಿಗೆ ರಜೆ ಇಲ್ಲ ನೋಡಿ. ನನ್ನನ್ನು ಕಂಡು ಕೋಲನ್ನು ಹಾಗೇ ಹಿಡಿದು ನಿಂತಳು.

“ಆ ಸಾಲು ನಾನು ಬರೆದದ್ದು,” ಎಂದೆ.

“ಗೊತ್ತೈತಿ. ನಿನ್ನ ಅಕ್ಷರ ನಾ ಕಲಿಸಿದ್ದಲ್ಲೇನು?”

“ದುರುಗೇಶ ನಿನ್ನನ್ನು ಬಲದ ಮನೆಯಲ್ಲಿ ಬರೆದ.”

“ಕೇಳೀನಿ. ಮೊದಲ ಆ ಮನ್ಯಾಗ ಇಟ್ರಿ, ಆಮ್ಯಾಲ ಈ ಮನ್ಯಾಗ ಇಟ್ರಿ. ಯಾರರ ಒಬ್ರು ಬಾ ಅಂತ ಕರದ್ರೇನು?”

ನನ್ನ ಸೀಟು ನೀನು ತೆಗೆದುಕೋ, ಹೇಗಾದರೂ ಮಾಡಿ ಕೊಡಿಸುತ್ತೇನೆ ಎಂದೆ. ಅವಳಿಗೆ ನಗು ಬಂತು, ಒಳ್ಳೆಯ ನಗುವಲ್ಲ. “ಸೀಟು ಏನ್ ರೊಟ್ಟಿ ಏನವಾ, ಮುರದು ಕೊಡಾಕ?”

ಆಮೇಲೆ ಕೋಲಿನ ತುದಿಯ ಕೆಸರನ್ನು ಬೆರಳಿನಿಂದ ತೆಗೆದು, ಮೂಸಿ, ಒರೆಸಿಕೊಂಡು, ನನ್ನ ಕಡೆ ನೋಡದೆ ಹೇಳಿದಳು. “ಬರದಿದ್ದಕ್ಕ ನನಗ ಸಿಟ್ಟಿಲ್ಲ. ಹೆದರಿಕ್ಯಾಗ ಬರದಿ, ಹೋಗ್ಲಿ. ಹಾದಿ ಕುಸೀತು ಅಂತ ಕೇಳಿದ ಮ್ಯಾಲ ಇವತ್ತ ಬರ್ತಾಳ, ನಾಳಿ ಬರ್ತಾಳ ಅಂತ ಕಾದೆ. ಗಂಟಿ ಸಪ್ಪಳ ಇಲ್ಲಿತನಕ ಕೇಳಸ್ತೈತಿ. ನಿನ್ನಿ ಅದು ಹೊಡಿಯೂತನಕ ಕಾದೆ ನಾನು. ಹಾಸಿಗಿ ಸುತ್ತಿ ಇಟ್ಕೊಂಡಿದ್ದೆ.”

ನಾನು ಅಲ್ಲೇ ನಿಂತೆ. ಅವಳು ಮುಂದಿನ ಗುರುತಿಗೆ ಹೋಗಿ ಕೋಲು ಇಳಿಸಿದಳು, ಅದರ ಮುಂದಿನದಕ್ಕೆ ಹೋದಳು. ಬಾ ಎನ್ನಲಿಲ್ಲ, ಹೋಗು ಎನ್ನಲೂ ಇಲ್ಲ. ಹೊತ್ತು ಇಳಿದ ಮೇಲೆ ನಾನೇ ವಾಪಸ್ ಬಂದೆ.

ನಿಮ್ಮ ಆ ನಾಲ್ಕು ಮನೆಯ ಚೌಕ ಕೆಟ್ಟದ್ದೆಂದು ನಾನು ಬರೆಯುತ್ತಿಲ್ಲ. ಒಳಗೂ ಹೊರಗೂ ನೋಡು, ಒಳ್ಳೆಯದನ್ನೂ ಕೆಟ್ಟದ್ದನ್ನೂ ನೋಡು ಎಂದು ಕಲಿಸುವ ಉಪಕರಣ ಅದು. ಅದಿಲ್ಲದಿದ್ದರೆ ನಮ್ಮ ಊರು ಎರಡು ಸಲ ಮುಳುಗುತ್ತಿತ್ತು. ಆದರೆ ನೀವು ಒಂದು ಮನೆಯನ್ನು ಗಮನವಿಲ್ಲದೆ ಖಾಲಿ ಬಿಟ್ಟಿರಿ, ನಿಮ್ಮನ್ನು ನೋಡಿ ಹೆದರಿದ ನಾವು ಖಾಲಿ ಮನೆಗೇ ಹೆದರುವುದನ್ನು ಕಲಿತೆವು. ಹೆದರಿದವರು ಕೈಗೆ ಸಿಕ್ಕಿದ್ದನ್ನು ತುಂಬುತ್ತಾರೆ. ‘ಇದು ನಮಗೆ ಇನ್ನೂ ಗೊತ್ತಿಲ್ಲ’ ಎಂದು ಒಂದು ಸಾಲು ಬರೆಯಬಹುದೆಂದು ನಿಮಗೂ ಹೊಳೆಯಲಿಲ್ಲ, ನನಗೂ ಹೊಳೆಯಲಿಲ್ಲ. ಹೊಳೆದವಳನ್ನು ಹೊರಗೆ ಹಾಕಿದ್ದಾಯಿತು.

ತೊಳೆದ ಹಲಗೆಯ ಮುಂದೆ ತಪ್ಪೊಪ್ಪಿಕೊಳ್ಳಲು ನಮ್ಮಲ್ಲಿ ಜಾಗವಿಲ್ಲ. ಹಾಗಾಗಿ ಇಲ್ಲಿ ಬರೆಯುತ್ತಿದ್ದೇನೆ, ಯಾರೂ ಗೋಣಿ ಹಾಕಿ ಉಜ್ಜದ ಜಾಗದಲ್ಲಿ. ನಿಮ್ಮಲ್ಲಿ ಒಂದು ಬೇಡಿಕೆ ಇದೆ. ನಿಮ್ಮ ಮೇಜಿನ ಮೇಲೋ ಡ್ರಾಯರಿನಲ್ಲೋ ಇಂಥ ಒಂದು ಹಾಳೆ ಇರಬಹುದು. ಅದರ ಯಾವುದಾದರೂ ಮನೆಯಲ್ಲಿ, ಎಷ್ಟೇ ನಯವಾದ ಮಾತಿನಲ್ಲಾಗಲಿ, ನೀವು ಅವರನ್ನು ಕೇಳದೆಯೇ ಬರೆದ ಮನುಷ್ಯರೊಬ್ಬರಿರಬಹುದು. ಹಾಗಿದ್ದರೆ ಲಾಭನಷ್ಟ ತೂಗುತ್ತಾ ಕೂರಬೇಡಿ, ಇನ್ನೊಂದು ಚೌಕ ಬರೆಯಬೇಡಿ. ನನ್ನ ಕಾಗದವನ್ನು ಇಲ್ಲಿಗೇ ಬಿಟ್ಟು ಎದ್ದು ಅವರ ಬಳಿಗೆ ಹೋಗಿ. ನಿಮ್ಮ ಗಂಟೆ ಇನ್ನೂ ಹೊಡೆದಿಲ್ಲ. ಅವರು ಹಾಸಿಗೆ ಸುತ್ತಿಟ್ಟುಕೊಂಡು ಕೂತಿರಬಹುದು.

ನಿಮ್ಮ ನಂತರದವಳು,
ಹೊನ್ನೂರಿ
ಮೊದಲ ವರ್ಷ, ಹೂಳೂರು ಹಾಸ್ಟೆಲ್